ಜಾರುಬಂಡಿಯಲ್ಲೇ ಉಳಿದ ತ್ರೀ ನಾಟ್ ತ್ರೀ

ಏಪ್ರಿಲ್ 9

ಅತ್ತೆಯ ಜೊತೆ ಮಂಜುಗಡಲಿಗೆ ಸೀಲ್ ಬೇಟೆಗೆ ಹೊರಡಬೇಕು. ಚಹಾಪುಡಿ, ಸೀಮೆಎಣ್ಣೆ, ಬಿಸ್ಕತ್ತು — ಕಟ್ಟಿದ್ದಾಯಿತು. ಉಳಿದದ್ದು ಬಂದೂಕು. ಒಂದು, ನನ್ನ ಗಂಡ ಪೌಲೂಸಿ ಗಣಿ ಕೆಲಸಕ್ಕೆ ಹೋಗುವ ಮುಂಚೆ ತಂದಿಟ್ಟ ಹೊಸದು: ಹಗುರ, ದುರ್ಬೀನು ಬೇರೆ ಇದೆ, ತುಕ್ಕು ಹಿಡಿಯುವುದಿಲ್ಲ. ಇನ್ನೊಂದು ಮಾವನವರದು. ಸೇನೆಯವರು ತಮಗೆ ಸಾಕಾಯಿತೆಂದು ಕೊಟ್ಟ ತ್ರೀ ನಾಟ್ ತ್ರೀ. ಅದು ಒದ್ದರೆ ಭುಜ ವಾರವೆಲ್ಲ ನೋಯುತ್ತದೆ.

ಹೊಸದೇ ಸಾಕು ಎಂದೆ. ಅತ್ತೆ ನಕ್ಕರು.

“ಅದು ನಿನ್ ಹಾಗೇ ಕಣೇ ಊಲೀ, ನೋಡೋಕೆ ಚಂದ. ಕರಡಿ ಮುಂದೆ ಹೆಂಗೋ.”

ಹಳೆಯದನ್ನೂ ತಾವೇ ಹಿಮದ ಜಾರುಬಂಡಿಗೆ ಕಟ್ಟಿದರು. ವಯಸ್ಸು ಎಪ್ಪತ್ತಾರು, ಹಟ ಹದಿನಾರರದು.

ಏಪ್ರಿಲ್ 11, ಸಂಜೆ

ಬೇಟೆ ಗುಡಿಸಲು ತಲುಪಿದೆವು. ಎರಡು ಸೀಲ್ ಸಿಕ್ಕವು. ಆದರೆ ಬಾಗಿಲ ಮುಂದೆ ಹಿಮಕರಡಿಯ ಹೆಜ್ಜೆ — ನನ್ನ ಎರಡು ಅಂಗೈ ಅಗಲ. ಇವತ್ತಿನದು.

ಭಯವಾಯಿತು. ಹೊಸ ಬಂದೂಕನ್ನು ಒಳಗೆ ತಂದು ಹಾಸಿಗೆ ಪಕ್ಕ ಇಟ್ಟುಕೊಂಡೆ.

“ಹೊರಗಿಡು. ಒಳಗೆ ಬೆವರತ್ತೆ. ಆಮೇಲೆ ಚಳೀಲಿ ಆ ಬೆವರೇ ಹೆಪ್ಪುಗಟ್ಟಿ ಕೂರತ್ತೆ. ಹುಟ್ಟಿದಾಗಿಂದ ಕೇಳಿಲ್ವಾ?”

ಕೇಳಿದ್ದೇನೆ. ನನ್ನ ಮಕ್ಕಳಿಗೂ ಹೇಳಿದ್ದೇನೆ. ಆದರೂ... ಕೈಗೆ ಸಿಗುವಂತಿರಲಿ. ಒರೆಸಿಟ್ಟೆ.

ಏಪ್ರಿಲ್ 13, ಬೆಳಿಗ್ಗೆ 10

ಬಾಗಿಲಿಗೆ ಅಗುಳಿ ಹಾಕಿ ಬರೆಯುತ್ತಿದ್ದೇನೆ.

ಕುಡಿಯುವ ನೀರಿಗೆ ಮಂಜುಗಡ್ಡೆ ಒಡೆಯಲು ಹೋಗಿದ್ದೆ, ಹೊಸದು ಹೆಗಲಿಗೆ. ಅರ್ಧ ಗಂಟೆ. ತಿರುಗಿದರೆ ಕರಡಿ. ಗುರಿಯಿಟ್ಟೆ, ಕುದುರೆ ಎಳೆದೆ — ಟಿಕ್. ಅಷ್ಟೇ. ಇನ್ನೊಮ್ಮೆ ಟಿಕ್. ಅಲ್ಲೇ ಬಿಸಾಡಿ ಓಡಿ ಬಂದೆ.

ಅತ್ತೆ ಒಂದು ಮಾತೂ ಬೈಯಲಿಲ್ಲ. ಅದಕ್ಕೇ ಇನ್ನೂ ಭಯ.

10.20

ರೇಡಿಯೋದಲ್ಲಿ ಕೂಗಿದೆ. ಊರಿಂದ ಬರಲು ಮೂರು ಗಂಟೆಯಂತೆ. ಕರಡಿ ಜಾರುಬಂಡಿ ಪಕ್ಕ ಕೂತು ನಮ್ಮ ಸೀಲ್ ತಿನ್ನುತ್ತಿದೆ. ತ್ರೀ ನಾಟ್ ತ್ರೀ ಅಲ್ಲೇ ಇದೆ. ಬಾಗಿಲಿಂದ ಒಂಬತ್ತು ಹೆಜ್ಜೆ.

10.50

ಸೀಲ್ ಮುಗಿಯಿತು. ಈಗ ಹಿಂದಿನ ಗೋಡೆ ಕೆರೆಯುತ್ತಿದೆ. ಬರೀ ಪ್ಲೈವುಡ್.

ಅತ್ತೆ ಒಂದು ಬೂಟು ಹಾಕಿಕೊಂಡರು.

“ಹಳೇ ಬಂದೂಕು ನಾನ್ ತರ್ತೀನಿ, ಅದರ ಬೋಲ್ಟ್ ನನ್ ಕೈಗೆ ಗೊತ್ತು. ನೀನು ಗೋಡೆ ಬಡೀತಿರು, ಕರಡಿ ಆ ಕಡೆನೇ ಇರ್ಲಿ.”

ಇನ್ನೊಂದು ಬೂಟು ನನ್ನ ಮಡಿಲಲ್ಲಿದೆ. ಕೊಡುವುದಿಲ್ಲ. ತಪ್ಪು ನನ್ನದು, ಒಂಬತ್ತು ಹೆಜ್ಜೆಯೂ ನನ್ನದೇ. ಅವರ ಕೈಗೆ ಸೌಟು ಕೊಟ್ಟೆ, ಗೋಡೆ ಬಡಿಯಲು.

ಕೆರೆತ ನಿಂತಿದೆ. ಅತ್ತೆ ತುಟಿಗೆ ಬೆರಳಿಟ್ಟು ಬಾಗಿಲ ಕಡೆ ತೋರಿಸುತ್ತಿದ್ದಾರೆ. ಕರಡಿ ಈಗ ಅಲ್ಲಿ—