ಏಳನೆಯ ಸಾಲು

ಹವಲ್ಲಿ, ಕುವೈತ್
15 ನವೆಂಬರ್ 2025, ಶನಿವಾರ

ಪ್ರೀತಿಯ ವಾರಿಜಕ್ಕಾ,

ನಿನ್ನ ಮೊಣಕಾಲು ನೋವು ಹೇಗಿದೆ? ಓಹಾಯೋದಲ್ಲಿ ಮೊದಲ ಹಿಮ ಬಿದ್ದ ಫೋಟೋವನ್ನು ಭಾವ ಹಾಕಿದ್ದರು. ಮೆಟ್ಟಿಲಿಗೆ ಉಪ್ಪು ಎರಚದೆ ಇಳಿಯಬೇಡ, ಹೋದ ವರ್ಷ ಬಿದ್ದದ್ದು ಸಾಕು. ಇಲ್ಲಿ ನಾನೂ ನನ್ನ ಹೆಂಡತಿಯೂ ಚೆನ್ನಾಗಿದ್ದೇವೆ.

ನಮ್ಮ ಪಕ್ಕದ ಮನೆಯ ಲತೀಶನ ದಹನ ನಿನ್ನೆ ಮಧ್ಯಾಹ್ನ ಮೂರೂವರೆಗೆ ಊರಿನಲ್ಲಿ, ಕಾಪುವಿನಲ್ಲಿ ನಡೆಯಿತು. ಅವನ ಹೆಂಡತಿ ಅಶ್ಮಿತಾ ಸಂಜೆ ಇಲ್ಲಿನ ಬಳಗದ ಶೈಲೇಶನಿಗೆ ಫೋನ್ ಮಾಡಿ ತಿಳಿಸಿದಳು, ಶೈಲೇಶ್ ನಮಗೆಲ್ಲ ಹೇಳಿದ. ಮರಣ ಪತ್ರದಲ್ಲಿ ನ್ಯುಮೋನಿಯಾ ಎಂದಿದೆ. ಇಲ್ಲಿ ರುಮೈಥಿಯಾದ ತನ್ನ ಕೋಣೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದವನನ್ನು ಕಟ್ಟಡದ ಕಾವಲುಗಾರ ನವೆಂಬರ್ ಎರಡರಂದು ನೋಡಿ ಆಸ್ಪತ್ರೆಗೆ ಸೇರಿಸಿದ. ಐದರಂದು ಹೋದ. ಹತ್ತು ದಿನ ಮೊದಲು ತಂದಿದ್ದರೆ ಎಂದು ಡಾಕ್ಟರು ಅರ್ಧ ಹೇಳಿ ನಿಲ್ಲಿಸಿದರು.

ಅವತ್ತು ನೀನು ಫೋನಿನಲ್ಲಿ ಕೇಳಿದೆ: "ವಾರವಾರ ಸೇರುವವರು ನೀವು, ಒಬ್ಬನಿಗೂ ಗೊತ್ತಾಗಲಿಲ್ಲವಾ?" ಅದರ ಉತ್ತರ ಬಾಯಲ್ಲಿ ಬರುವುದಿಲ್ಲ ಎಂದು ಬರೆಯುತ್ತಿದ್ದೇನೆ. ಈ ಹಾಳೆಗಳ ಫೋಟೋ ತೆಗೆದು ಇವತ್ತೇ ಕಳಿಸುತ್ತೇನೆ.

ನಮ್ಮ ಶುಕ್ರವಾರದ ಬಳಗ ಹುಟ್ಟಿದ್ದೇ ನಿನ್ನ ಪತ್ರದಿಂದ. ನಿಮ್ಮ ಮನೆಯ ಹಿಂದಿನ ಹಳೆಯ ಕಾರ್ಮಿಕರ ಸಹೋದರ ಸಂಘಕ್ಕೆ ನೀನು ಕಾಫಿ ಬಡಿಸಲು ಹೋಗುತ್ತಿದ್ದೆಯಲ್ಲ. ಸಂಘದ ಹಾಡಿನಲ್ಲಿ ಒಬ್ಬೊಬ್ಬನಿಗೆ ಒಂದೊಂದು ಸಾಲು, ಬಾರದವನ ಸಾಲು ಬಂದಾಗ ಎಲ್ಲರೂ ಬಾಯಿ ಮುಚ್ಚಿ ಹತ್ತರವರೆಗೆ ಎಣಿಸುತ್ತಾರೆ, ಹಾಡು ಮುಗಿದ ಕೂಡಲೇ ಇಬ್ಬರು ಕೋಟು ಹಾಕಿಕೊಂಡು ಅವನ ಮನೆ ಬಾಗಿಲು ತಟ್ಟುತ್ತಾರೆ ಎಂದು ಬರೆದಿದ್ದೆ. "ನಿದ್ದೆ ಮಾಡುವವರನ್ನು ಎಬ್ಬಿಸಿ ಬೈಸಿಕೊಂಡು ಬರುತ್ತಾರೆ" ಎಂದೂ ಬರೆದಿದ್ದೆ. ನಾವು ಅದನ್ನೇ ತಂದೆವು. ಶೈಲೇಶನ ಫೋನ್ ಅಂಗಡಿಯ ಮೇಲಿನ ಕೋಣೆ, ಹನ್ನೊಂದು ಜನ, ಹನ್ನೊಂದು ಸಾಲು. ಹಾಡು ಕಟ್ಟಿದವರು ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿರುವ ಚನ್ನಪ್ಪ. ಏಳನೆಯ ಸಾಲು ಲತೀಶನದು: "ದೂರ ದಾರಿ, ಬುತ್ತಿ ಒಂದೇ, ಹಂಚಿ ಉಣ್ಣುವಾ." ಕೊನೆಯ ಸ್ವರ ಅವನಿಗೆ ಎಂದೂ ಹತ್ತಲಿಲ್ಲ. ಚಿಕ್ಕಂದಿನಲ್ಲಿ ನೀನು ಹಾಡು ಕಲಿಸುವಾಗ ಮೇಲಿನ ಸ್ವರ ಬಂದರೆ ಬೇಲಿ ಹಾರಿ ತನ್ನ ಮನೆಗೆ ಓಡುತ್ತಿದ್ದವನಲ್ಲವೇ ಅವನು. ಇಲ್ಲಿ ಬೇಲಿ ಇರಲಿಲ್ಲ. ಕೀರಲು ದನಿಯಲ್ಲೇ ಮುಗಿಸಿ, ಎಲ್ಲರಿಗಿಂತ ಮೊದಲು ತಾನೇ ನಗುತ್ತಿದ್ದ.

ನಾವು ಒಂದು ಬದಲಾವಣೆ ಮಾಡಿದ್ದೆವು. ಇಲ್ಲಿ ಯಾರಿಗಾದರೂ ಶಿಫ್ಟ್ ಇದ್ದೇ ಇರುತ್ತದೆ, ಹಾಡು ವಾರವಾರ ತುಂಡಾಗುತ್ತಿತ್ತು. ಒಂದು ದಿನ ಚನ್ನಪ್ಪ, "ಹಾಡು ಕುಂಟಬಾರದ್ರೀ. ಬರಲಾರದಾಂವನ ಸಾಲು ಬಾಜೂದಾಂವ ಹೇಳ್ಲಿ, ಖಲಾಸ್" ಎಂದರು. ಎಲ್ಲರೂ ಒಪ್ಪಿದೆವು. ಅದರಲ್ಲಿ ಒಂದು ಪ್ರೀತಿಯೂ ಇತ್ತು ಅಕ್ಕಾ, ಇಲ್ಲವೆಂದು ಹೇಳುವುದಿಲ್ಲ. ಅಂದಿನಿಂದ ಯಾರು ಬಾರದಿದ್ದರೂ ಹಾಡು ಇಡಿಯಾಗಿಯೇ ಇರುತ್ತಿತ್ತು. ಬಾಗಿಲು ತಟ್ಟಲು ಹೋಗುವುದು ತಾನಾಗಿ ನಿಂತುಹೋಯಿತು.

ಲತೀಶನ ಬಾಜೂದವನು ನಾನು. ಅಕ್ಟೋಬರ್ ಹದಿನೇಳರಂದು ಅವನ ಮೆಸೇಜ್ ಬಂತು: "ಸ್ವಲ್ಪ ಜ್ವರ. ನನ್ನ ಸಾಲು ನೀನೇ ಹೇಳು ಮಾರಾಯ, ಹಾಳು ಮಾಡಬೇಡ." ಇಪ್ಪತ್ನಾಲ್ಕರಂದು: "ಇವತ್ತೂ ನೀನೇ." ಮೂವತ್ತೊಂದರಂದು ಮೆಸೇಜ್ ಬರಲಿಲ್ಲ. ಆಗಲೂ ನಾನೇ ಹೇಳಿದೆ. ಹವಲ್ಲಿಯಿಂದ ರುಮೈಥಿಯಾಕ್ಕೆ ಟ್ಯಾಕ್ಸಿಯಲ್ಲಿ ಹದಿನೈದು ನಿಮಿಷ. ಅವನ ಜೊತೆಗಾರ ಸೆಪ್ಟೆಂಬರಿನಲ್ಲೇ ಊರಿಗೆ ಹೋಗಿದ್ದು ನನಗೆ ಗೊತ್ತಿತ್ತು. ಹೋಟೆಲ್ ಲಾಂಡ್ರಿಯ ಕೆಲಸ ಹೋಗಿದ್ದು ಗೊತ್ತಿರಲಿಲ್ಲ, ಅದನ್ನು ಅವನು ಅಶ್ಮಿತಾಳಿಗೂ ಹೇಳಿರಲಿಲ್ಲ.

ನಿನ್ನೆ ಸಂಜೆ ಬಳಗ ಸೇರಿತ್ತು. ಹಾಡು ಯಾರೂ ಎತ್ತಲಿಲ್ಲ. ಚನ್ನಪ್ಪ ಕ್ಯಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡು, "ನಾ ಹಂಗ ಅನಬಾರದಿತ್ತು" ಎಂದಷ್ಟೇ ಹೇಳಿದರು. ಅವರದು ಮಾತು ಮಾತ್ರ, ಹಾಡಿದವನು ನಾನು.

ಭಾವನಿಗೆ ನನ್ನ ವಂದನೆ ತಿಳಿಸು. ನೀನು ದೇವರ ಮುಂದೆ ನಿಂತಾಗ ಲತೀಶನ ಹೆಸರು ಹೇಳು, ನನಗಾಗಿ ಏನೂ ಕೇಳಬೇಡ.

ನಿನ್ನ ತಮ್ಮ,
ರೋಹಿದಾಸ

ಮರೆತದ್ದಲ್ಲ, ಬರೆಯಲು ಹೆದರಿ ಬಿಟ್ಟದ್ದು: ಮೂವತ್ತೊಂದರಂದು ನಾನು ಆ ಸಾಲನ್ನು ಅವನ ದನಿಯಲ್ಲೇ ಹೇಳಿದೆ. ಅದೇ ಎಳೆತ, ಕೊನೆಗೆ ಅದೇ ಕೀರಲು. ಎಲ್ಲರೂ ಬಿದ್ದು ಬಿದ್ದು ನಕ್ಕರು. "ಲತೀಶ್ ಬಂದ ಹಾಗೇ ಆಯ್ತಲ್ಲ ಮಾರಾಯ!" ಎಂದ ಶೈಲೇಶ್. ಪ್ರತಿ ವಾರದ ಹಾಡನ್ನು ಅವನು ರೆಕಾರ್ಡ್ ಮಾಡಿ, ನಗು ಕೆಮ್ಮು ಎಲ್ಲ ಕತ್ತರಿಸಿ ಊರಿನ ಮನೆಯವರ ಗುಂಪಿಗೆ ಹಾಕುತ್ತಾನೆ. ಅಂದೂ ಹಾಕಿದ. ಅಶ್ಮಿತಾ ಮೂರು ದಿನದಿಂದ ಲತೀಶನಿಗೆ ಫೋನ್ ಮಾಡುತ್ತಿದ್ದಳು, ಅವನು ಎತ್ತಿರಲಿಲ್ಲ. ಶೈಲೇಶನಿಗೆ ಫೋನ್ ಮಾಡಿ ವಿಚಾರಿಸಬೇಕೆಂದಿದ್ದಳಂತೆ. ಅಷ್ಟರಲ್ಲಿ ಹಾಡು ಬಂತು. ನಿನ್ನೆ ಅವಳು ಶೈಲೇಶನಿಗೆ ಹೇಳಿದ್ದು: "ಅವರ ದನಿ ಕೇಳಿತಲ್ಲ ಅಣ್ಣಾ, ಹಾಡ್ತಾ ಇದ್ದಾರಲ್ಲ ಅಂತ ಸಮಾಧಾನ ಆಯ್ತು. ನಿಮಗೆ ಫೋನ್ ಮಾಡ್ಲಿಲ್ಲ." ಅದೇ ಅವನ ಕೊನೆಯ ದನಿ ಎಂದು ಅವಳು ನಂಬಿದ್ದಾಳೆ. ಹದಿಮೂರನೆಯ ದಿನದ ಬೊಜ್ಜದ ಕ್ರಿಯೆಗೆ ಅದನ್ನು ಎಲ್ಲರೆದುರು ಹಾಕಿಸಬೇಕು, ಚೆನ್ನಾಗಿ ಕೇಳುವ ಪ್ರತಿ ಕಳಿಸಿ ಎಂದಿದ್ದಾಳೆ. ಶೈಲೇಶ್ ಹೂಂ ಎಂದುಬಿಟ್ಟಿದ್ದಾನೆ. ಬೊಜ್ಜ ಇಪ್ಪತ್ತಾರನೇ ತಾರೀಕು, ಬುಧವಾರ. ಅದು ನನ್ನ ದನಿ ಎಂದು ನಾನು ಅಶ್ಮಿತಾಳಿಗೆ ಫೋನ್ ಮಾಡಿ ಹೇಳುವುದು ಹದಿನೆಂಟರ ಮಂಗಳವಾರ, ಇಲ್ಲಿಯ ಬೆಳಿಗ್ಗೆ ಏಳೂವರೆಗೆ. ಕಾಪುವಿನಲ್ಲಿ ಆಗ ಹತ್ತು.