ಸಲಹೆಗಾರ ಡಾಕ್ಟರಿಗೆ ಹೊಡೆದದ್ದು

ಕುರುಬರಹಳ್ಳಿ
೧೨-೮-೨೦೦೬

ನಿರ್ದೇಶಕರಾದ ಸುಧೀಂದ್ರ ಅವರಿಗೆ ನಮಸ್ಕಾರ.

ನಿಮ್ಮ ಆಸ್ಪತ್ರೆ ಧಾರಾವಾಹಿಯಲ್ಲಿ ದಪ್ಪ ರೋಗಿಯ ಪಾತ್ರ ಮಾಡಿದ ಅನಂತಲಕ್ಷ್ಮಿ ಬರೆಯುತ್ತಿದ್ದೇನೆ. ಅಂದು ಶೂಟಿಂಗ್‌ನಲ್ಲಿ ನಿಮ್ಮ ಸಲಹೆಗಾರ ಡಾಕ್ಟರು, ರೋಗಿಯನ್ನು ಪರೀಕ್ಷಿಸುವುದು ಹೇಗೆಂದು ಡಾಕ್ಟರ್ ಪಾತ್ರದ ನಾಯಕನಟನಿಗೆ ತೋರಿಸಿಕೊಡಲು ನನ್ನ ಹೊಟ್ಟೆಯನ್ನು ಮುಷ್ಟಿಯಿಂದ ಒತ್ತಿ, "ಈ ಕೊಬ್ಬಲ್ಲಿ ನೋವು ಎಲ್ಲೀಂತ ಹುಡುಕೋದು? ತಿನ್ನೋದು ಕಮ್ಮಿ ಮಾಡಮ್ಮಾ ಅನ್ನಿ. ನಾವೂ ದಿನಾ ಅದನ್ನೇ ಅನ್ನೋದು" ಎಂದರು. ಎಲ್ಲರೂ ನಕ್ಕರು. ನಾನು ಚೀರಿದೆ. ಕ್ಯಾಮೆರಾ ಓಡುತ್ತಲೇ ಇತ್ತು.

"ಸೂಪರ್ ಆಕ್ಟಿಂಗ್ ಮೇಡಂ, ಇನ್ನೊಂದ್ಸಲ" ಎಂದಿರಿ ನೀವು.

ಅವರು ಈ ಸಲ ಗುದ್ದಿಯೇಬಿಟ್ಟರು. ಕೈಗೆ ಸಿಕ್ಕ ಸ್ಟೀಲ್ ಟ್ರೇಯಿಂದ ಅವರ ಮುಖಕ್ಕೆ ಬಾರಿಸಿದೆ. ಮೂಗಿನಿಂದ ರಕ್ತ ಸುರಿಯುವಾಗಲೂ ಇನ್ನೆರಡು ಬಾರಿಸಿದೆ.

ನಾನು ನಟಿಸುತ್ತಿರಲಿಲ್ಲ ಸಾರ್. ಎರಡು ದಿನದಿಂದ ಹೊಟ್ಟೆನೋವಿತ್ತು. ಬೆಳಿಗ್ಗೆ ಅದೇ ಡಾಕ್ಟರಿಗೆ ಹೇಳಿದಾಗ, ಮುಟ್ಟಿಯೂ ನೋಡದೆ ತೂಕ ಇಳಿಸಲು ಹೇಳಿದ್ದರು. ಅಂದೇ ಸಂಜೆ ಆಸ್ಪತ್ರೆಯಲ್ಲಿ ಒಡೆದ ಅಪೆಂಡಿಕ್ಸ್ ತೆಗೆದರು. ಹೊಲಿಗೆ ಇನ್ನೂ ಬಿಚ್ಚಿಲ್ಲ.

ಪೊಲೀಸರಿಗೆ ದೂರು ಕೊಡುವುದಾದರೆ ಕೊಡಿ, ಹೊಡೆದೆ ಎಂದು ಒಪ್ಪಿಕೊಳ್ಳುತ್ತೇನೆ. ಜೊತೆಗಿಟ್ಟಿರುವ ಸ್ಕ್ಯಾನ್ ವರದಿಯನ್ನು ಆ ಡಾಕ್ಟರಿಗೆ ತಲುಪಿಸಿ.

ನಾನು ಚೀರಿದ ಟೇಕನ್ನು ಪ್ರಸಾರ ಮಾಡುವುದಾದರೆ, ದಯವಿಟ್ಟು ಅದಕ್ಕೆ ಕಾಮಿಡಿ ಮ್ಯೂಸಿಕ್ ಹಾಕಬೇಡಿ.

ಇತಿ,
ಅನಂತಲಕ್ಷ್ಮಿ