ಹಳದಿ ದೀಪ ಆರಿದೆ, ಮಾವ

ಪ್ರೀತಿಯ ಮಾವನವರಿಗೆ,

ಮಧ್ಯಾಹ್ನದ ನಿದ್ದೆಯಿಂದ ನಿಮ್ಮನ್ನು ಎಬ್ಬಿಸುವ ಧೈರ್ಯ ಸಾಲದೆ ಇದನ್ನು ನಿಮ್ಮ ಕನ್ನಡಕದ ಕೆಳಗೆ ಇಟ್ಟಿದ್ದೇನೆ. ನಮ್ಮ ಹಳೇ ಕ್ಯಾಂಪರ್ ವ್ಯಾನಿನ ಎಂಜಿನ್ ಎಚ್ಚರಿಕೆ ದೀಪ ಆರಿದೆ! "ಆ ಹಳದಿ ದೀಪ ಆರೋವರೆಗೂ ನಾನು ಈ ಡಬ್ಬಾ ಹತ್ತಲ್ಲ" ಎಂದಿದ್ದಿರಿ, ನೆನಪಿದೆಯಲ್ಲ? ಪ್ರವಾಸಕ್ಕೆಂದು ಕಟ್ಟಿದ ಚೀಲವನ್ನು ಅತ್ತೆ ಪ್ರತಿ ಭಾನುವಾರ ಬಿಚ್ಚುವುದನ್ನು ನನಗೆ ನೋಡಲಾಗುತ್ತಿರಲಿಲ್ಲ.

ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅಳೆಯುವ ಹೊಸ ಆಕ್ಸಿಜನ್ ಸೆನ್ಸರ್ ಹಾಕಿದರೂ ದೀಪ ಉರಿಯುತ್ತಲೇ ಇತ್ತಲ್ಲ, ಸೆನ್ಸರಿನದು ಏನೂ ತಪ್ಪಿರಲಿಲ್ಲ. ಬೆಳಿಗ್ಗೆ ನಾನು ಎಂಜಿನ್ ಶುರು ಮಾಡಿದಾಗ ಪಕ್ಕದಲ್ಲೇ ಬಟ್ಟೆ ಒಗೆಯುತ್ತಿದ್ದ ಅತ್ತೆ, "ಗೊರಕೇಲಿ ನಿನ್ನ ಮಾವನೂ ಹೀಗೇ ಪುಸ್ ಪುಸ್ ಅಂತಾರೆ ಕಣೆ, ಎಲ್ಲೋ ಸೋರ್ತಿದೆ ನೋಡು" ಎಂದರು. ಅವರ ಬಕೆಟ್ಟಿನ ಸೋಪು ನೀರನ್ನೇ ಸೆನ್ಸರಿಗಿಂತ ಮುಂಚಿನ ಹೊಗೆ ಪೈಪಿನ ಜಾಯಿಂಟಿಗೆ ಸುರಿದೆ. ನೊರೆ ಬುಸ್ಸೆಂದು ಎದ್ದಿತು! ಹೊಗೆ ಸೋರುತ್ತಿದ್ದ ಆ ಸಂದಿಯಲ್ಲೇ ನಡುನಡುವೆ ಒಳಗೆ ನುಗ್ಗುತ್ತಿದ್ದ ಹೊರಗಿನ ಗಾಳಿ ಪಾಪದ ಸೆನ್ಸರನ್ನು ದಾರಿ ತಪ್ಪಿಸುತ್ತಿತ್ತು. ಜಾಯಿಂಟಿನ ಪ್ಯಾಕಿಂಗ್ ಬದಲಿಸಿ ಮಾರುಕಟ್ಟೆವರೆಗೂ ಓಡಿಸಿದೆ, ದೀಪ ಪಿಟಕ್ಕೆನ್ನಲಿಲ್ಲ.

ಎದ್ದ ಕೂಡಲೇ ಸ್ವೆಟರ್ ಹಾಕಿಕೊಂಡು ಬನ್ನಿ, ದಿಂಬನ್ನೂ ತನ್ನಿ. ಹಿಂದಿನ ಮಂಚ ನಿಮ್ಮದು. ಮುಂದಿನ ಸೀಟಿನಲ್ಲಿ ಅತ್ತೆ ಆಗಲೇ ಬೆಲ್ಟ್ ಹಾಕಿಕೊಂಡು ಕೂತಿದ್ದಾರೆ. ನೀವು ಏಳುವುದು ತಡವಾದರೆ ಹಾರ್ನ್ ಹೊಡೆಯುವುದೂ ಅವರೇ ಅಂತೆ.

ಇಂತಿ,
ಮಸಿ ಮೆತ್ತಿದ ಕೈಯಿಂದ,
ನಿಮ್ಮ ಸೊಸೆ